ಬಣ್ಣದ ಬೆಲೆ ಯಾರ ಪಾಲು?

ಅರವತ್ತು ವರ್ಷದ ಹಿಂದಿನ ಸ್ಪೋರ್ಟ್ಸ್ ಕಾರೊಂದನ್ನು ಪೂರ್ತಿ ಬಿಚ್ಚುತ್ತಾರೆ. ತುಕ್ಕು ಕೆರೆಯುತ್ತಾರೆ, ತಗಡನ್ನು ಬಡಿದು ನೇರ ಮಾಡುತ್ತಾರೆ, ಎಂಜಿನ್ನನ್ನು ಹೊಸದಾಗಿ ಜೋಡಿಸುತ್ತಾರೆ. ಕಾರು ಹೊಳೆಯುತ್ತ ನಿಲ್ಲುತ್ತದೆ. ಕೊಳ್ಳಲು ಬಂದವನು ಕಾರ್ಖಾನೆಯ ಕಾಗದ ತೆಗೆದು ನೋಡಿ, "ಇದು ಹುಟ್ಟಿದಾಗ ಹಸಿರು, ನೀವು ಕೆಂಪು ಹೊಡೆಸಿದ್ದೀರಿ" ಎಂದು ಬೆಲೆ ಇಳಿಸುತ್ತಾನೆ. ಬಣ್ಣ ಬದಲಾದ ಮಾತ್ರಕ್ಕೆ ಬೆಲೆ ಇಳಿಯಬೇಕೆ?

ಉಳ್ಳವರ ಈ ಜಗಳದಲ್ಲಿ ನಮಗೇನು ಕೆಲಸವೆಂದು ಗಿರಣಿಯ ಕೆಲಸಗಾರರೂ ಸಣ್ಣ ವರ್ತಕರೂ ಕೇಳಿಯಾರು. ಕೆಲಸವಿದೆ. ಇಂಥ ಕಾರು ತುಮಕೂರಿನ ಬೀದಿಯಲ್ಲಿ ಕಾಣುವುದು ಅಪರೂಪ, ನಿಜ. ಆದರೆ ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್ ಸೈಕಲ್, ಹಳೆಯ ಫಿಯೆಟ್, ಲ್ಯಾಂಬ್ರೆಟಾ ನಮ್ಮವರ ಮನೆಗಳ ಹಿಂದಿನ ಕೊಟ್ಟಿಗೆಗಳಲ್ಲಿ ಇನ್ನೂ ಉಂಟು. ಅವನ್ನು ಹುಡುಕಿಕೊಂಡು ಬರುವ ದಲ್ಲಾಳಿಯ ಬಾಯಲ್ಲಿಯೂ ಇದೇ ಮಾತು. ಆ ಮಾತಿನಲ್ಲಿ ನ್ಯಾಯವೆಷ್ಟು, ಬೂಟಾಟಿಕೆಯೆಷ್ಟು ಎಂಬುದು ಮಾರುವವನಿಗೆ ತಿಳಿದಿರಬೇಕು.

ಕೊಳ್ಳುವುದು ಏನನ್ನು?

ಹಳೆಯ ಸ್ಪೋರ್ಟ್ಸ್ ಕಾರಿಗೆ ಕೋಟಿಗಟ್ಟಲೆ ಸುರಿಯುವ ಧನಿಕನು ಬರಿಯ ಸವಾರಿಗಾಗಿ ಸುರಿಯುವುದಿಲ್ಲ. ಇಂಥ ವರ್ಷದಲ್ಲಿ, ಇಂಥ ಕಾರ್ಖಾನೆಯಿಂದ, ಹೀಗೆಯೇ ಹೊರಬಂದ ವಸ್ತು ಇದು ಎಂಬ ಸಾಕ್ಷ್ಯಕ್ಕೆ ಹಣ ಕೊಡುತ್ತಾನೆ. ಛಾಸಿ ನಂಬರು, ಎಂಜಿನ್ ನಂಬರು, ಮೈಬಣ್ಣ, ಸೀಟಿನ ತೊಗಲಿನ ಬಣ್ಣ ಇವೆಲ್ಲ ದೊಡ್ಡ ಕಾರ್ಖಾನೆಗಳ ಹಳೆಯ ದಫ್ತರಿನಲ್ಲಿ ಇರುತ್ತವೆ. ಇಂಗ್ಲೆಂಡಿನ ಜಾಗ್ವಾರ್ ಕಾರಿನ ಒಡೆಯನಿಗೆ ಈ ದಾಖಲೆಗಳಿಂದ ತೆಗೆದು ಬರೆದ ಪ್ರಮಾಣಪತ್ರ ಸಿಗುತ್ತದೆ. ಅದರಲ್ಲಿ ಮೂಲ ಬಣ್ಣದ ಹೆಸರೂ ಇರುತ್ತದೆ. ಕಾಗದದ ಬಣ್ಣ ಒಂದು, ಕಾರಿನ ಬಣ್ಣ ಇನ್ನೊಂದು ಆದರೆ, "ಇದರಲ್ಲಿ ಮತ್ತೇನೇನು ಬದಲಾಗಿದೆಯೋ" ಎಂಬ ಸಂಶಯ ಹುಟ್ಟುತ್ತದೆ. ಸಂಶಯ ಹುಟ್ಟಿದ ಕಡೆ ಬೆಲೆ ನಿಲ್ಲದು.

ಇನ್ನೊಂದು ಕಾರಣ ಬರಿಯ ಲೆಕ್ಕದ್ದು. ಕಾರನ್ನು ಮೂಲ ಬಣ್ಣಕ್ಕೆ ತರಬೇಕಾದರೆ ಮೇಲೆ ಒಂದು ಕೋಟು ಹೊಡೆದರೆ ಸಾಲದು. ಗಾಜು, ರಬ್ಬರು, ಬಾಗಿಲು, ದೀಪ ಎಲ್ಲ ಕಳಚಬೇಕು, ಎಂಜಿನ್ ಇಳಿಸಬೇಕು, ತಗಡು ಕಾಣುವವರೆಗೆ ಹಳೆಯ ಬಣ್ಣ ಕೀಳಬೇಕು. ಅಗ್ಗದ ಕೆಲಸದಲ್ಲಿ ಇದನ್ನೆಲ್ಲ ಬಿಡುತ್ತಾರೆ. ಆಗ ಬಾಗಿಲಿನ ಅಂಚು, ಬಾನೆಟ್ಟಿನ ಒಳಮೈ, ಡಿಕ್ಕಿಯ ಮೂಲೆ, ಕಾಲ್ಹಾಸಿನ ಅಡಿ ಹಳೆಯ ಬಣ್ಣವನ್ನೇ ಹೇಳುತ್ತಿರುತ್ತವೆ. ಕೊಳ್ಳುವವನು ಈ ಖರ್ಚನ್ನೆಲ್ಲ ಲೆಕ್ಕ ಹಾಕಿ ಬೆಲೆಯಲ್ಲಿ ಕಳೆಯುತ್ತಾನೆ. ಇಷ್ಟು ಕಳೆಯುವುದು ನ್ಯಾಯವೇ.

ಆದರೆ ಬಣ್ಣ ಬದಲಾದರೆ ಬೆಲೆ ಇಳಿದೇ ತೀರುತ್ತದೆ ಎಂಬುದು ನಿಜವಲ್ಲ. ಅಮೆರಿಕದ ಚಿತ್ರನಟ ಸ್ಟೀವ್ ಮೆಕ್ವೀನನ ಬಳಿ ೧೯೬೭ರ ಫೆರಾರಿ ಕಾರೊಂದಿತ್ತು. ಕಾರ್ಖಾನೆ ಕೊಟ್ಟದ್ದು ಕಂದು ಛಾಯೆಯ ಬಣ್ಣ. ಆತ ಅದಕ್ಕೆ ಗಾಢ ಕೆಂಪು ಹೊಡೆಸಿದ. ಮುಂದೆ ಅದನ್ನು ಪುನರುದ್ಧಾರ ಮಾಡಿದಾಗ ಕಾರ್ಖಾನೆಯ ಬಣ್ಣವನ್ನು ಬಿಟ್ಟು ನಟನ ಕೆಂಪನ್ನೇ ಹೊಡೆದರು. ೨೦೧೪ರಲ್ಲಿ ಅದು ಹರಾಜಿನಲ್ಲಿ ೧ ಕೋಟಿ ೧ ಲಕ್ಷ ೭೫ ಸಾವಿರ ಡಾಲರಿಗೆ ಹೋಯಿತು. ಅಲ್ಲಿ ಬಣ್ಣ ಬದಲಾದದ್ದೇ ಕಾರಿನ ಚರಿತ್ರೆ, ಮತ್ತು ಅದು ಎಲ್ಲರಿಗೂ ಗೊತ್ತಿದ್ದ ಚರಿತ್ರೆ.

ತಿಳಿಯದೆ "ಮೂಲ ಬಣ್ಣ" ಎನ್ನುವವರೂ ಉಂಟು. ಫೋರ್ಡ್ ಕಂಪನಿಯ ಟಿ ಮಾದರಿಯ ಕಾರೆಂದರೆ ಕಪ್ಪು ಎಂದು ಲೋಕವೆಲ್ಲ ನಂಬಿದೆ. ಅದು ಕಪ್ಪಿನಲ್ಲಿ ಮಾತ್ರ ಬಂದದ್ದು ೧೯೧೪ರಿಂದ ೧೯೨೫ರವರೆಗೆ. ಅದಕ್ಕೂ ಹಿಂದಿನ ಕಾರುಗಳು ಹಸಿರು, ಕೆಂಪು, ಬೂದು ಬಣ್ಣದವು. ೧೯೦೯ರ ಕಾರಿಗೆ ಕಪ್ಪು ಹೊಡೆದು "ಅಸಲು" ಎನ್ನುವವನು ತನ್ನ ಮಾಲನ್ನು ತಾನೇ ಕೆಡಿಸಿಕೊಂಡಂತೆ. ಫೆರಾರಿಗೆ ಕೆಂಪೇ ಬೇಕೆಂದು ಬೇರೆ ಬಣ್ಣದವಕ್ಕೆಲ್ಲ ಕೆಂಪು ಹೊಡೆಸಿದ ಕಾಲವೊಂದಿತ್ತು. ಈಗ ಮೂಲದ ಅಪರೂಪದ ಬಣ್ಣದಲ್ಲಿ ಉಳಿದ ಕಾರುಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಪೇಟೆಯ ರುಚಿ ಬದಲಾಗುತ್ತದೆ. ದಫ್ತರಿನಲ್ಲಿ ಬರೆದದ್ದು ಬದಲಾಗದು.

ನಮ್ಮ ಜಿಲ್ಲೆಯವರಿಗೆ ಇದು ಹೊಸತಲ್ಲ

ಗುಬ್ಬಿಯ ಅಡಿಕೆ ವರ್ತಕರಿಗೆ ಬಣ್ಣದ ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಬೇಯಿಸಿದ ಅಡಿಕೆಗೆ ಚೊಗರು ಹಾಕಿ ಬಣ್ಣ ಬರಿಸುವುದು ಕಸುಬಿನ ಧರ್ಮ. ಕೊಳ್ಳುವವನಿಗೂ ಅದು ಗೊತ್ತು. ಹಳಸಿದ ಮಾಲಿಗೆ ಬಣ್ಣದ ಪುಡಿ ಬಳಿದು ಹೊಸದೆಂದು ಸಾಗಿಸುವುದು ಮೋಸ. ಎರಡೂ ಬಣ್ಣವೇ, ಒಂದು ಬಹಿರಂಗ, ಇನ್ನೊಂದು ಕದ್ದು ಮಾಡಿದ್ದು.

ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಪಂದ್ಯದ ಕುದುರೆಯ ಮರಿ ಹುಟ್ಟಿದರೆ ತಂದೆತಾಯಿಗಳ ಹೆಸರಿನೊಡನೆ ಮೈಬಣ್ಣ, ಹಣೆಯ ಬಿಳಿ, ಕಾಲಿನ ಬಿಳಿ ಎಲ್ಲವನ್ನೂ ಬರೆದಿಡುತ್ತಾರೆ. ಗುರುತು ಕಾಗದಕ್ಕೆ ಹೊಂದದಿದ್ದರೆ ಎಂಥ ಓಟಗಾರ ಕುದುರೆಯಾದರೂ ಪಂದ್ಯಕ್ಕೆ ಇಳಿಯುವಂತಿಲ್ಲ. ಹಳೆಯ ಕಾರಿನ ಪೇಟೆ ನಡೆಯುವುದೂ ಈ ಕ್ರಮದಲ್ಲಿಯೇ.

ತುಮಕೂರಿನ ಎಚ್.ಎಂ.ಟಿ. ಕೈಗಡಿಯಾರವನ್ನು ನೋಡಿ. ೧೯೭೦ರ ದಶಕದಲ್ಲಿ ಇಲ್ಲಿ ಕಾರ್ಖಾನೆ ಬಂತು. ೨೦೧೬ರಲ್ಲಿ ಕೈಗಡಿಯಾರದ ಘಟಕಗಳನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಇಲ್ಲಿನ ಜಮೀನು ಇಸ್ರೋ ಸಂಸ್ಥೆಯ ಪಾಲಾಯಿತು. ಈಗ ಆ ಹಳೆಯ ಗಡಿಯಾರಗಳಿಗೆ ಸಂಗ್ರಹಕಾರರು ಮುಗಿಬೀಳುತ್ತಾರೆ. ಡಯಲಿಗೆ ಹೊಸದಾಗಿ ಕಿತ್ತಳೆ, ನೀಲಿ ಬಳಿದು ಮಾರುವವರೂ ಹೆಚ್ಚಿದ್ದಾರೆ. ಬಲ್ಲವನು ಬಣ್ಣ ಮಾಸಿದ ಅಸಲು ಡಯಲನ್ನೇ ಆರಿಸಿಕೊಳ್ಳುತ್ತಾನೆ. ನಮ್ಮ ಕಾರ್ಮಿಕರ ಕೈ ಮುಟ್ಟಿದ ವಸ್ತುವಿಗೆ ಈ ಮರ್ಯಾದೆ ಸಿಕ್ಕುವುದು ಸಂತೋಷವೇ. ಆ ಕೈಗಳಿಗೆ ಕೆಲಸವಿಲ್ಲವಾದ ಮೇಲೆ ಸಿಕ್ಕಿತೆಂಬುದು ನೋವು. ಮೈಸೂರಿನ ಜಾವಾ ಕಾರ್ಖಾನೆಯ ಕಥೆಯೂ ಹೀಗೆಯೇ. ೧೯೬೧ರಲ್ಲಿ ಆರಂಭವಾಗಿ ೧೯೯೬ರಲ್ಲಿ ಅದು ಮುಚ್ಚಿತು. ಅಲ್ಲಿನ ಮೋಟಾರ್ ಸೈಕಲ್ಲಿಗೆ ಬೆಲೆ ಏರಿದ್ದು ಆಮೇಲೆ.

ಬಣ್ಣ ಹೊಡೆದವನಿಗೆ ಏನು ಸಿಕ್ಕಿತು?

ಕಾಗದದಲ್ಲಿ ಬರೆದ ಬಣ್ಣದ ಹೆಸರಿನಿಂದ ಕಾರು ಬಣ್ಣವಾಗುವುದಿಲ್ಲ. ಪಟ್ಟಿ ಹಾಕಿ, ವಾಟರ್ ಪೇಪರಿನಿಂದ ದಿನಗಟ್ಟಲೆ ತಿಕ್ಕಿ, ಅರವತ್ತು ವರ್ಷದ ಹಿಂದಿನ ಛಾಯೆಯನ್ನು ಕಣ್ಣಳತೆಯಲ್ಲಿ ಕೂಡಿಸಿ ಸ್ಪ್ರೇ ಮಾಡುವವನು ಪೇಂಟರು. ಸಂಶಯವನ್ನು ಕಳೆದು ಬೆಲೆಯನ್ನು ಮತ್ತೆ ಏರಿಸುವುದು ಅವನ ಕೈ. ಆ ಏರಿಕೆಯೆಲ್ಲ ಒಡೆಯನಿಗೆ. ಅವನಿಗೆ ಗೊತ್ತು ಮಾಡಿದ ಕೂಲಿ. ಈಗ ಬಳಕೆಯಲ್ಲಿರುವ ಟು-ಕೆ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದನ್ನು ಉಸಿರಾಡಿದವರಿಗೆ ಉಬ್ಬಸ ಹತ್ತುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡರೆ ಅದು ತಡೆಯದು. ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಸರಿಯಾದ ಮುಖವಾಡ ಬೇಕು, ಗಾಳಿ ಹೊರಗೆ ಹೋಗುವ ಕೊಠಡಿ ಬೇಕು. ಕಾರಿನ ಮೂಲ ಬಣ್ಣದ ಬಗ್ಗೆ ಅಷ್ಟು ಪ್ರಶ್ನೆ ಕೇಳುವ ಮಹಾಶಯರು ಈ ಒಂದು ಪ್ರಶ್ನೆಯನ್ನು ಕೇಳಿದ್ದುಂಟೆ?

ಮಾಡಬೇಕಾದದ್ದು

ಕಾನೂನಿನ ಮಾತನ್ನು ಮೊದಲು ಹೇಳಬೇಕು. ಗಾಡಿಯ ಬಣ್ಣ ಆರ್.ಸಿ.ಯಲ್ಲಿ ಇರುತ್ತದೆ, ಬದಲಿಸಿದರೆ ಆರ್.ಟಿ.ಓ. ಕಚೇರಿಯಲ್ಲಿ ತಿಳಿಸಿ ತಿದ್ದಿಸಬೇಕು. ೨೦೨೧ರಲ್ಲಿ ಕೇಂದ್ರ ಸರ್ಕಾರ ಮಾಡಿದ ನಿಯಮದಂತೆ ೫೦ ವರ್ಷ ದಾಟಿ ಮೂಲರೂಪದಲ್ಲಿ ಉಳಿದ ಕಾರು, ಮೋಟಾರ್ ಸೈಕಲ್‌ಗಳನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಬಹುದು. ಅದಕ್ಕೆ ಗೊತ್ತುಮಾಡಿದ ಶುಲ್ಕ ೨೦,೦೦೦ ರೂಪಾಯಿ. ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ತಂದೆಯ ಜಾವಾದ ಮೇಲೆ ಗಿರಣಿಗೆ ಹೋಗುವ ಕೆಲಸಗಾರನಿಗೆ ಇದರಿಂದ ಪ್ರಯೋಜನವಿಲ್ಲ. ಪ್ರದರ್ಶನದಲ್ಲಿ ಕಾರು ನಿಲ್ಲಿಸುವವರಿಗಾಗಿಯೇ ಮಾಡಿದ ನಿಯಮವಿದು.

ಆದ್ದರಿಂದ ನಮ್ಮವರು ತಮ್ಮ ಎಚ್ಚರದಲ್ಲಿ ತಾವಿರಬೇಕು. ಹಳೆಯ ಗಾಡಿಗೆ ಬಣ್ಣ ಹೊಡೆಸುವ ಮುಂಚೆ ಟ್ಯಾಂಕಿನ ಅಡಿಯನ್ನೋ ಬಾಗಿಲಿನ ಅಂಚನ್ನೋ ನೋಡಿ ಮೂಲ ಬಣ್ಣ ಯಾವುದೆಂದು ತಿಳಿಯಿರಿ; ಅದರ ಫೋಟೋ ತೆಗೆದಿಡಿ. ಬೇರೆ ಬಣ್ಣವೇ ಇಷ್ಟವಾದರೆ ಧಾರಾಳವಾಗಿ ಹೊಡೆಸಿ, ಗಾಡಿ ನಿಮ್ಮದು, ಆರ್.ಸಿ. ತಿದ್ದಿಸಿ, ಮಾರುವಾಗ ಮುಚ್ಚಿಡಬೇಡಿ. ಪೇಂಟರಿನಿಂದ ಹೆಸರು, ತಾರೀಖು, ಮಾಡಿದ ಕೆಲಸ ಬರೆದ ಬಿಲ್ಲು ಪಡೆಯಿರಿ. ಅದು ನಿಮಗೂ ಸಾಕ್ಷ್ಯ, ಅವನ ಕಸುಬಿಗೂ ಸಾಕ್ಷ್ಯ. "ಬಣ್ಣ ಬದಲಾಗಿದೆ, ಇದು ಗುಜರಿ" ಎಂದು ದಲ್ಲಾಳಿ ಅರ್ಧ ಬೆಲೆಗೆ ಕೈ ಚಾಚಿದರೆ, ಮೂಲ ಬಣ್ಣಕ್ಕೆ ತರಲು ಎಷ್ಟು ಖರ್ಚೆಂದು ಲೆಕ್ಕ ಕೇಳಿ. ಅಷ್ಟನ್ನು ಕಳೆದು ಮಿಕ್ಕದ್ದನ್ನು ಎಣಿಸಿ ಕೊಡಲಿ.

ಸರ್ಕಾರವನ್ನು ಕೇಳುವುದು ಎರಡು. ಕೆ.ಎ. ೦೬ ಎಂಬ ಗುರುತು ಬರುವುದಕ್ಕೆ ಮುಂಚಿನ ನಮ್ಮ ಜಿಲ್ಲೆಯ ನೋಂದಣಿ ಪುಸ್ತಕಗಳು ಗೆದ್ದಲಿನ ಪಾಲಾಗದಂತೆ ಕಾಪಾಡಿ, ಕೇಳಿದವರಿಗೆ ಅಲ್ಪ ಶುಲ್ಕಕ್ಕೆ ನಕಲು ಕೊಡಬೇಕು. ಕಾರ್ಖಾನೆಯ ದಫ್ತರು ಸಿಗದ ಬಡವನಿಗೆ ಅದೊಂದೇ ಆಧಾರ. ಎರಡನೆಯದಾಗಿ, ಬಣ್ಣದ ಗ್ಯಾರೇಜುಗಳಲ್ಲಿ ದುಡಿಯುವವರಿಗೆ ಮುಖವಾಡವನ್ನೂ ಗಾಳಿಯಾಡುವ ಕೊಠಡಿಯನ್ನೂ ಒದಗಿಸುವಂತೆ ಕಾರ್ಮಿಕ ಇಲಾಖೆಯವರು ಹೋಗಿ ತಪಾಸಣೆ ಮಾಡಬೇಕು.