ಕೂಸಿನ ಉಸಿರಿಗೆ ಯಂತ್ರ ಬಂತು, ಕಾವಲಿಗೆ ಯಾರು?

ತಿಂಗಳು ತುಂಬುವ ಮುಂಚೆ ಹುಟ್ಟಿದ ಕೂಸಿಗೆ ಹಾಲಿಗಿಂತ ಮೊದಲು ಬೇಕಾದ್ದು ಉಸಿರು. ಶ್ವಾಸಕೋಶದೊಳಗೆ ಸೋಪಿನ ನೀರಿನ ಹಾಗೆ ಕೆಲಸ ಮಾಡುವ ಒಂದು ಪದಾರ್ಥವಿರುತ್ತದೆ. ಬೇಗ ಬಂದ ಮಗುವಿಗೆ ಅದು ಸಾಲದು. ಒಂದೊಂದು ಉಸಿರೂ ಹೊಸ ಬಲೂನು ಊದಿದಷ್ಟು ಕಷ್ಟ. ಒಂದೂವರೆ ಕೇಜಿಯ ಜೀವ ಎಷ್ಟು ಹೊತ್ತು ಊದೀತು? 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗುವೇ ಈ ಕಾಯಿಲೆಯಿಂದ ಎರಡು ದಿನಕ್ಕೆ ತೀರಿಕೊಂಡಿತು. ದುಡ್ಡು, ದರ್ಬಾರು ಎರಡೂ ನಡೆಯಲಿಲ್ಲ.

1971ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡಾ. ಜಾರ್ಜ್ ಗ್ರೆಗರಿ ಮತ್ತು ಸಂಗಡಿಗರು ದಾರಿ ತೋರಿಸಿದರು. ಉಸಿರು ಬಿಟ್ಟಾಗಲೂ ಶ್ವಾಸಕೋಶ ಮುದುಡದಂತೆ ಸದಾ ಸ್ವಲ್ಪ ಗಾಳಿಯ ಒತ್ತಡ ಕೊಡುವುದು. ಇದಕ್ಕೆ ಸಿಪ್ಯಾಪ್ ಅಂತ ಹೆಸರು. ಇದರ ಅಗ್ಗದ ರೂಪ ನೋಡಿದರೆ ನಗು ಬರಬೇಕು: ಮೂಗಿಗೆ ನಳಿಕೆ, ಗಾಳಿ ಹೊರಹೋಗುವ ಕೊಳವೆಯ ತುದಿ ನೀರಿನ ಬಾಟಲಿಯಲ್ಲಿ ಐದಾರು ಸೆಂಟಿಮೀಟರ್ ಮುಳುಗಿರುತ್ತದೆ, ಅಷ್ಟೆ. ಗುಳ್ಳೆ ನಿಂತಿತೋ, ಎಲ್ಲೋ ಗಾಳಿ ಸೋರುತ್ತಿದೆ ಎಂದರ್ಥ.

ಆದರೆ ತಾಲ್ಲೂಕಿನಿಂದ ಜಿಲ್ಲಾಸ್ಪತ್ರೆಗೆ ಬರುವ ದಾರಿಯಲ್ಲಿ ಏನು ಗತಿ? ಬೆಂಗಳೂರಿನ ಕೋಯಿಯೋ ಲ್ಯಾಬ್ಸ್‌ನವರು 'ಸಾಂಸ್' ಎಂಬ ಯಂತ್ರ ಮಾಡಿದ್ದು ಈ ದಾರಿಗಾಗಿಯೇ. ಆಂಬುಲೆನ್ಸಿನ ಕರೆಂಟಿಗೂ ಸೈ, ಬ್ಯಾಟರಿಗೂ ಸೈ. ಯಾವುದೂ ಇಲ್ಲವೆಂದರೆ ಕೈಯಲ್ಲೇ ಗಾಳಿ ಒತ್ತಬಹುದು. 2019ರಲ್ಲಿ ಇದಕ್ಕೆ ಕಾಮನ್‌ವೆಲ್ತ್ ಪ್ರಶಸ್ತಿಯೂ ಬಂತು. ಸಂತೋಷ.

ಪ್ರಶಸ್ತಿ ಬಂದಲ್ಲಿಗೆ ಕತೆ ಮುಗಿಯಲಿಲ್ಲ. ಆಫ್ರಿಕಾದ ಮಲಾವಿ ದೇಶದ ಲೆಕ್ಕ ನೋಡಿ. ಬ್ಲಾಂಟೈರ್‌ನ ದೊಡ್ಡಾಸ್ಪತ್ರೆಯಲ್ಲಿ ಗುಳ್ಳೆ ಯಂತ್ರ ಹಾಕಿದ ಹಸುಗೂಸುಗಳಲ್ಲಿ ಶೇಕಡಾ 71 ಬದುಕಿದವು, ಬರೀ ಆಕ್ಸಿಜನ್ ಕೊಟ್ಟವುಗಳಲ್ಲಿ ಶೇಕಡಾ 44. ಇದು 2014ರ ವರದಿ. ಅದೇ ದೇಶದ ಒಂದು ಜಿಲ್ಲಾಸ್ಪತ್ರೆಯಲ್ಲಿ ತುಸು ದೊಡ್ಡ ಮಕ್ಕಳ ನ್ಯುಮೋನಿಯಾಕ್ಕೆ ಇದೇ ವಿಧಾನ ಹಚ್ಚಿದರು. 2019ರ ವರದಿ ಪ್ರಕಾರ ಸಾವು ಕಡಿಮೆಯಾಗಲಿಲ್ಲ, ಹೆಚ್ಚಾಯಿತು: ಆಕ್ಸಿಜನ್‌ನಲ್ಲಿ ಶೇಕಡಾ 11, ಯಂತ್ರದಲ್ಲಿ 17. ವಯಸ್ಸು ಬೇರೆ, ಕಾಯಿಲೆ ಬೇರೆ, ಒಪ್ಪೋಣ. ಆದರೆ ಅಲ್ಲಿ ಡಾಕ್ಟರು ದಿನಾ ಬಂದು ನೋಡುವ ಏರ್ಪಾಡು ಇರಲಿಲ್ಲ ಎಂಬುದನ್ನು ಮರೆಯುವ ಹಾಗಿಲ್ಲ. ಬಾಟಲಿ ಕೊಳ್ಳಲು ಟೆಂಡರ್ ಕರೆಯಬಹುದು. ರಾತ್ರಿ ಮೂರು ಗಂಟೆಗೆ ಗುಳ್ಳೆ ನೋಡುವ ನರ್ಸಮ್ಮನನ್ನು ಯಾವ ಟೆಂಡರಿನಲ್ಲಿ ತರುತ್ತೀರಿ?

ಇನ್ನೊಂದು ಗಂಡಾಂತರ ಕಣ್ಣಿಗೆ. ಆಕ್ಸಿಜನ್ ಅತಿಯಾದರೆ ಕೂಸಿನ ಅಕ್ಷಿಪಟಲ ಕೆಡುತ್ತದೆ. 1940-50ರ ದಶಕದಲ್ಲಿ ಪರದೇಶಗಳಲ್ಲಿ ಸಾವಿರಾರು ಮಕ್ಕಳು ಹೀಗೇ ಕುರುಡಾದರು. ಅದಕ್ಕೇ ಗಾಳಿ, ಆಕ್ಸಿಜನ್ ಅಳತೆಯಲ್ಲಿ ಬೆರೆಸುವ ಸಾಧನವೂ, ಪಾದಕ್ಕೆ ಕಟ್ಟುವ ಮೀಟರೂ ಬೇಕೇ ಬೇಕು. ನಮ್ಮಲ್ಲಿ ನಾರಾಯಣ ನೇತ್ರಾಲಯದ 'ಕಿಡ್‌ರಾಪ್' ತಂಡ 2008ರಿಂದ ಜಿಲ್ಲೆಗಳಿಗೇ ಬಂದು ಇಂಥ ಕೂಸುಗಳ ಕಣ್ಣಿನ ಚಿತ್ರ ತೆಗೆದು ಪರೀಕ್ಷಿಸುತ್ತಿದೆ. ಮಗುವನ್ನು ಮನೆಗೆ ಕರೆದುಕೊಂಡು ಬಸ್ಸು ಹತ್ತುವ ಮುಂಚೆ ಕೇಳಿ: ಕಣ್ಣು ನೋಡಿದಿರಾ? ಹುಟ್ಟಿ 30 ದಿನ ದಾಟುವುದರೊಳಗೆ ಆಗಬೇಕಾದ ಕೆಲಸ ಅದು.