ಅರ್ತ್ ಇಲ್ಲದಿದ್ದರೆ ಅರ್ಥವಿಲ್ಲ!

ಬ್ಲಾಗ್ ಕಡೆ ತಲೆ ಹಾಕಿ ತಿಂಗಳುಗಳೇ ಆಯ್ತು. ಆಫೀಸ್ ಕೆಲಸ ಅಂತ ನೆಪ ಹೇಳಬಹುದು, ಆದರೆ ನಿಜ ಬೇರೆ. ಶನಿವಾರ ಭಾನುವಾರಗಳೆಲ್ಲಾ ದೊಡ್ಡಬಳ್ಳಾಪುರದಲ್ಲಿ ಮಾವನ ಕಾರಿನ ಡ್ಯಾಶ್‌ಬೋರ್ಡ್ ಕೆಳಗೆ ತಲೆಕೆಳಗಾಗಿ ಕಳೆದುಹೋದವು :)

ಕಾರು ಸ್ಯಾನ್ ಸ್ಟಾರ್ಮ್. ಗೊತ್ತಿಲ್ಲದವರಿಗೆ: 1998ರಲ್ಲಿ ಬಂದ, ಗೋವಾದಲ್ಲಿ ತಯಾರಾದ ನಮ್ಮದೇ ದೇಶದ ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರು. ರೆನೋ ಕಂಪನಿಯ 1.2 ಲೀಟರ್ ಇಂಜಿನ್, ಫೈಬರ್‌ಗ್ಲಾಸ್ ಮೈ. ಈ ಫೈಬರ್‌ಗ್ಲಾಸ್ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮಾವ ಅದನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಗಿನಿಂದ ಒಂದೇ ಕಾಯಿಲೆ. ಹಗಲಲ್ಲಿ ಎಲ್ಲ ಸರಿ. ಹೆಡ್‌ಲೈಟ್ ಹಾಕಿದ ತಕ್ಷಣ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಕಡೆ ಓಡುತ್ತೆ. ಒಬ್ಬ ಮೆಕ್ಯಾನಿಕ್ ಸೆನ್ಸರ್ ಬದಲಿಸಿದ. ಇನ್ನೊಬ್ಬ ಥರ್ಮೋಸ್ಟಾಟ್ ಬದಲಿಸಿದ. ದುಡ್ಡು ಹೋಯ್ತು, ಕಾಯಿಲೆ ಹೋಗಲಿಲ್ಲ. ಕೊನೆಗೆ ಮಾವ "ಆ ಮುಳ್ಳು ನೋಡ್ಬೇಡ ಬಿಡೋ, ಅದು ಸುಳ್ಳು ಹೇಳುತ್ತೆ" ಅಂದುಬಿಟ್ಟರು.

ಒಂದು ಸಂಜೆ ನಂದಿ ಬೆಟ್ಟದಿಂದ ವಾಪಸ್ ಬರ್ತಾ ಇದ್ವಿ. ಕತ್ತಲಾಗಿತ್ತು, ಮುಳ್ಳು ಕೆಂಪಲ್ಲಿತ್ತು. ಲೈಟ್ ಹಾಕಿದ್ದೀವಲ್ಲ, ಅದಕ್ಕೇ ಅಂದುಕೊಂಡ್ವಿ. ಸ್ವಲ್ಪ ಹೊತ್ತಿಗೆ ಬಾನೆಟ್ ಸಂದಿಯಿಂದ ಹೊಗೆಯಂತೆ ಹಬೆ! ಕೂಲೆಂಟ್ ಪೈಪ್ ಸೀಳಿ ನೀರೆಲ್ಲಾ ಸೋರಿತ್ತು. ಹೆಡ್ ಗ್ಯಾಸ್ಕೆಟ್ ಹೋಯ್ತು. ಅವತ್ತು ಮುಳ್ಳು ಮೊದಲ ಸಲ ನಿಜ ಹೇಳಿತ್ತು, ಕೇಳೋಕೆ ನಾವೇ ಸಿದ್ಧ ಇರಲಿಲ್ಲ.

ರಿಪೇರಿ ಮುಗಿದ ಮೇಲೂ ಮುಳ್ಳಿನ ಕುಣಿತ ಹಾಗೇ ಇತ್ತು. ಆಮೇಲೆ ಮಲ್ಟಿಮೀಟರ್ ಹಿಡಿದು ಕೂತೆ. ಯೋಚಿಸಿದರೆ ವಿಷಯ ಸರಳ. ಆ ಮುಳ್ಳು ಶಾಖ ಅಳೆಯೋದಿಲ್ಲ, ಕರೆಂಟ್ ಅಳೆಯುತ್ತೆ. ಇಂಜಿನ್ ಬಿಸಿಯಾದಂತೆ ಸೆನ್ಸರ್‌ನ ರೆಸಿಸ್ಟೆನ್ಸ್ ಕಡಿಮೆಯಾಗಿ ಕರೆಂಟ್ ಹೆಚ್ಚಾಗುತ್ತೆ, ಮುಳ್ಳು ಏರುತ್ತೆ. ಬೇರೆ ಕರೆಂಟ್ ಆ ದಾರೀಲಿ ನುಗ್ಗಿದರೂ ಅದು ಏರುತ್ತೆ, ಪಾಪ ಅದಕ್ಕೇನು ಗೊತ್ತು?

ಕಬ್ಬಿಣದ ಕಾರಲ್ಲಿ ಇಡೀ ಮೈಯೇ ಬ್ಯಾಟರಿ ಮೈನಸ್‌ಗೆ ವಾಪಸ್ ದಾರಿ. ಫೈಬರ್‌ಗ್ಲಾಸ್‌ನಲ್ಲಿ ಕರೆಂಟ್ ಹರಿಯೋಲ್ಲ, ಪ್ರತಿಯೊಂದಕ್ಕೂ ಅರ್ತ್ ವೈರ್ ಬೇಕು. ಕಪ್ಪು ಪ್ರೋಬ್ ಬ್ಯಾಟರಿ ಮೈನಸ್‌ಗೆ, ಕೆಂಪು ಪ್ರೋಬ್ ಮೀಟರ್‌ನ ಅರ್ತ್‌ಗೆ ಇಟ್ಟು ಲೈಟ್ ಹಾಕಿದೆ. 0.1 ವೋಲ್ಟ್ ಆಸುಪಾಸು ಇರಬೇಕಾದದ್ದು 1.1 ತೋರಿಸ್ತು! ಹಿಂದೆ ಯಾರೋ ಸ್ಟೀರಿಯೋ ಹಾಕುವಾಗ ಬಿಚ್ಚಿ ಸಡಿಲವಾಗಿ ಕಟ್ಟಿದ್ದ ಅರ್ತ್ ತುದಿ ಹಸಿರು ಕಿಲುಬು ಹಿಡಿದಿತ್ತು. ದಾರಿ ಕಟ್ಟಿದ್ದರಿಂದ ಲೈಟಿನ ಕರೆಂಟ್ ಮೀಟರ್ ಒಳಗಿಂದಲೇ ಅಡ್ಡದಾರಿ ಹಿಡಿದು ಇಂಜಿನ್ ಕಡೆ ಹೋಗ್ತಿತ್ತು. ಉಪ್ಪುಕಾಗದದಲ್ಲಿ ಉಜ್ಜಿ, ಬ್ಯಾಟರಿ ಮೈನಸ್‌ಗೆ ಹೊಸ ವೈರ್ ಎಳೆದೆ. ಖರ್ಚು ನೂರು ರೂಪಾಯಿ ಒಳಗೆ. ಮುಳ್ಳು ಈಗ ಗಟ್ಟಿ.

ನನ್ನ ಅಭಿಪ್ರಾಯ ಇಷ್ಟೇ. ಅಳೆಯದೆ ಬದಲಿಸೋದು ರಿಪೇರಿ ಅಲ್ಲ, ಜೂಜು. ಹಳೇ ಕಾರಲ್ಲಿ ಎರಡು ಸಂಬಂಧವಿಲ್ಲದ ವಸ್ತುಗಳು ಒಟ್ಟಿಗೆ ಕುಣಿದರೆ ಮೊದಲು ಅರ್ತ್ ನೋಡಿ, ಪಾರ್ಟ್ಸ್ ಅಂಗಡಿಗೆ ಆಮೇಲೆ ಹೋಗಿ.

ಎರಡನೇದು ಇನ್ನೂ ಮುಖ್ಯ. ಕೆಟ್ಟ ಮೀಟರ್‌ಗಿಂತ ಅಪಾಯ ಅದಕ್ಕೆ ಹೊಂದಿಕೊಂಡ ನಾವು. ಆಫೀಸಲ್ಲೂ ಇದೇ ಕಥೆ ಅಲ್ವಾ? ದಿನಾ ಸುಳ್ಳು ಅಲರ್ಟ್ ಬರುತ್ತೆ, ಎಲ್ಲರೂ ಅದಕ್ಕೊಂದು ಫಿಲ್ಟರ್ ಹಾಕಿಟ್ಟು ನೆಮ್ಮದಿಯಾಗಿರ್ತೀವಿ. ನಿಜವಾದದ್ದು ಬಂದ ದಿನ ಅದೂ ಅದೇ ಫೋಲ್ಡರ್‌ಗೆ ಹೋಗುತ್ತೆ. ನೂರು ರೂಪಾಯಿ ವೈರ್ ಸೋಮಾರಿತನಕ್ಕೆ ಮಾವ ತೆತ್ತದ್ದು ಒಂದು ಇಂಜಿನ್ ರಿಪೇರಿ.

ನಿಮ್ಮ ಗಾಡೀಲೂ "ಅದು ಹಾಗೇ ಬಿಡಿ" ಅಂತ ಬಿಟ್ಟಿರೋ ದೀಪ, ಮುಳ್ಳು ಏನಾದ್ರೂ ಇದೆಯಾ? ಈ ಭಾನುವಾರ ನೋಡಿಬಿಡಿ. ಏನಂತೀರಿ?