ಯೀಸ್ಟಿಗೆ ದಿಂಡಿನ ಮನೆ



ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. 2025ರ ವೇಳೆಗೆ ಅದು ದೇಶದೆಲ್ಲೆಡೆ ರೂಢಿಗೆ ಬಂದಿತು. ವಾಹನಕ್ಕೆ ಅದು ಹಿತವೇ ಎಂಬ ಚರ್ಚೆ ನಡೆದೇ ಇದೆ. ಅದು ಯಾವುದರಿಂದ ತಯಾರಾಗುತ್ತದೆ ಎಂಬುದನ್ನು ಬೆಟ್ಟದಪುರದಂತಹ ಬೇಸಾಯದ ಊರಿನವರಾದ ನಾವು ಮೊದಲು ಕೇಳಬೇಕು.

ಮಳೆ ಕೊರತೆಯಾಗಿದ್ದ 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತಯಾರಿಸುವುದಕ್ಕೆ ಕೇಂದ್ರ ಸರ್ಕಾರ ತಡೆಯೊಡ್ಡಿತು. ಮರುವರ್ಷ ಅದು ಸಡಿಲವಾಯಿತಾದರೂ ಅಷ್ಟರಲ್ಲಿ ಹೊರೆ ಮುಸುಕಿನ ಜೋಳದ ಮೇಲೆ ಬಿದ್ದಿತ್ತು. ಬೆಳೆಗಾರನಿಗೆ ಮತ್ತೊಬ್ಬ ಗಿರಾಕಿ ದೊರೆತದ್ದು ಸಂತೋಷವೇ. ಆದರೆ ಜನಕ್ಕೂ ಕೋಳಿಗೂ ಬೇಕಾದ ಕಾಳನ್ನು ಉರಿಸುವುದು ಬಹುಕಾಲ ಸಲ್ಲುವ ಮಾರ್ಗವಲ್ಲ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೇ ಮೊದಲ ಸ್ಥಾನ ಸಲ್ಲಬೇಕು.

ಇಲ್ಲಿಯೇ ದಿಂಡು, ಕಬ್ಬಿನ ಸಿಪ್ಪೆಗಳ ಪಾತ್ರ ಬರುವುದು. ಸಕ್ಕರೆಯನ್ನು ಮದ್ಯಸಾರವಾಗಿಸುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. 100 ಗ್ರಾಂ ಗ್ಲೂಕೋಸಿನಿಂದ ಹೆಚ್ಚೆಂದರೆ 51 ಗ್ರಾಂ ಎಥೆನಾಲ್ ದೊರೆಯುತ್ತದೆ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ದ್ರವದಲ್ಲಿ ತೇಲುವ ಯೀಸ್ಟ್ ದ್ರವದೊಡನೆಯೇ ಹೊರಹೋಗುವುದರಿಂದ, ಅದನ್ನು ಬೇರ್ಪಡಿಸಬೇಕು, ಇಲ್ಲವೇ ಹೊಸದಾಗಿ ಬೆಳೆಸಬೇಕು. ಒರಟಾದ, ರಂಧ್ರಮಯವಾದ ದಿಂಡಿನ ಚೂರುಗಳನ್ನು ತೊಟ್ಟಿಯಲ್ಲಿಟ್ಟರೆ ಯೀಸ್ಟ್ ಅವುಗಳಿಗೆ ಅಂಟಿ ನೆಲೆಸುತ್ತದೆ. ಹುದುಗಿದ ದ್ರವವನ್ನು ಬಸಿದು ಹೊಸ ಸಕ್ಕರೆ ದ್ರಾವಣ ಸುರಿದರೆ ಕೆಲಸ ಕೂಡಲೇ ಮುಂದುವರಿಯುತ್ತದೆ. ಹೆಪ್ಪಿಗೆಂದು ಮೊಸರು ಉಳಿಸುವ ನಮ್ಮ ಗೃಹಿಣಿಯರಿಗೆ ಈ ತತ್ತ್ವ ಹೊಸದಲ್ಲ.

ಆದರೆ ಯೀಸ್ಟ್ ದಿಂಡನ್ನು ತಿನ್ನದು. ದಿಂಡು ಅದಕ್ಕೆ ಮನೆಯೇ ಹೊರತು ಊಟವಲ್ಲ. ಹುದುಗಿದ ದ್ರವದಲ್ಲಿ ಎಥೆನಾಲ್ ಪ್ರಮಾಣ ನೂರಕ್ಕೆ ಸುಮಾರು ಹತ್ತರಷ್ಟೇ. ಅದನ್ನು ಬಟ್ಟಿ ಇಳಿಸಲು ಬೇಕಾದ ಉರಿಯ ಲೆಕ್ಕವನ್ನು ಮರೆಯಬಾರದು. ಆದ್ದರಿಂದ ಇದು ಹಿತ್ತಿಲಿನಲ್ಲಿ ಮಾಡುವ ಕೆಲಸವಲ್ಲ. ತನ್ನ ಸಿಪ್ಪೆಯನ್ನೇ ಉರಿಸಿ ಹಬೆ ಮಾಡಿಕೊಳ್ಳುವ ಸಕ್ಕರೆ ಕಾರ್ಖಾನೆಗೆ ಒಪ್ಪುವಂಥದು.

ಇನ್ನೊಂದು ಮಾತು. ಹುಲ್ಲನ್ನು 'ತ್ಯಾಜ್ಯ'ವೆನ್ನುವವರು ದನ ಕಟ್ಟಿದವರಲ್ಲ. ಪಾಣಿಪತ್ತಿನಲ್ಲಿ 2022ರಲ್ಲಿ ಉದ್ಘಾಟನೆಯಾದ ಕಾರ್ಖಾನೆ ಭತ್ತದ ಹುಲ್ಲಿನಿಂದಲೇ ಎಥೆನಾಲ್ ತಯಾರಿಸಲು ಹೊರಟಿತು. ಹುಲ್ಲನ್ನು ಗದ್ದೆಯಲ್ಲೇ ಸುಡುವ ಆ ಸೀಮೆಗೆ ಅದು ಯುಕ್ತವಿರಬಹುದು. ಹುಲ್ಲು ಮೇವಾಗಿರುವ ನಮ್ಮ ಸೀಮೆಗಲ್ಲ. ಯೀಸ್ಟಿಗೆ ಮನೆಯಾಗಲು ದಿಂಡಿನ ಕೆಲವೇ ಚೂರುಗಳು ಸಾಕು, ಅವೂ ಮತ್ತೆ ಮತ್ತೆ ಬಳಕೆಗೆ ಬರುತ್ತವೆ. ಹಸುವಿನ ಪಾಲನ್ನು ಕಸಿಯದಿರುವುದೇ ಈ ವಿಧಾನದ ಹಿರಿಮೆಯೆಂದು ನನ್ನ ಅಭಿಪ್ರಾಯ.

ವಿಜ್ಞಾನ ಓದಿ ಕಾರ್ಖಾನೆಗಳಲ್ಲಿ, ಕಾಲೇಜುಗಳಲ್ಲಿ ಇರುವ ನೀವು ನಮ್ಮ ಹೊಲದ ದಿಂಡನ್ನೇ ತೆಗೆದುಕೊಂಡು ಪರೀಕ್ಷಿಸಿ ನೋಡಿರಿ. ಕಾಳು ಮನುಷ್ಯನಿಗೆ, ಹುಲ್ಲು ಹಸುವಿಗೆ, ಮಿಕ್ಕದ್ದು ಯಂತ್ರಕ್ಕೆ: ಈ ಕ್ರಮ ತಪ್ಪದಿರಲಿ.